ಎಂಬತ್ತನಾಲ್ಕನೆಯ ಗೀತಕ್ಕೆ ಎರಡು ಬೀಗದಕೈ

ಮನೆಗೆ ಬೀಗ ಹಾಕಿದ ಮೇಲೆ ಬಾಗಿಲಿನ ಹಿಡಿಯನ್ನು ಮೂರು ಸಲ ಎಳೆದು ನೋಡುವ ಅಭ್ಯಾಸ ನನ್ನದು. ಮೊದಲ ಸಲ ಎಳೆಯುವುದು ಬೀಗ ಬಿದ್ದಿದೆಯೋ ಇಲ್ಲವೋ ನೋಡಲು. ಎರಡನೆಯದು, ಮೊದಲ ಸಲ ಎಳೆದ ರಭಸಕ್ಕೆ ಬೀಗವೇ ಸಡಿಲವಾಯಿತೋ ಏನೋ ಎಂಬ ಸಂಶಯಕ್ಕೆ. ಮೂರನೆಯದಕ್ಕೆ ಕಾರಣ ಕೇಳಬೇಡಿ. ಇಷ್ಟಾಗಿಯೂ ಲಿಫ್ಟಿನಲ್ಲಿ ಇಳಿದು, ಕಾರಿನಲ್ಲಿ ಕೂತು, ನಮ್ಮ ಸಲ್ವಾ ಬಡಾವಣೆಯ ಸಿಗ್ನಲ್ ದಾಟುವ ಹೊತ್ತಿಗೆ ನಾಲ್ಕನೆಯ ಸಲವೂ ಎಳೆಯಬೇಕಿತ್ತು ಅನ್ನಿಸುತ್ತದೆ. ನನ್ನ ಗಂಡ ಸುಧೀರ್ ಮೊದಮೊದಲು ಕಾರು ತಿರುಗಿಸುತ್ತಿದ್ದರು. ಆಮೇಲೆ ಬೈಯುತ್ತಿದ್ದರು. ಈಗ ರೇಡಿಯೋದ ವಾಲ್ಯೂಮ್ ಹೆಚ್ಚು ಮಾಡುತ್ತಾರೆ. ಮಧ್ಯವಯಸ್ಸು ಮುಗಿಯುತ್ತ ಬಂತು, ಚಿಂತೆಗೆ ಮಾತ್ರ ಇನ್ನೂ ಹರೆಯ.

ಕಳೆದ ತಿಂಗಳು ಹೀಗೆ ನಾನು ಹಿಡಿ ಎಳೆಯುತ್ತ ನಿಂತಿದ್ದಾಗ ಪ್ರೀತಮ್ ಫೋನ್ ಮಾಡಿದ. ಕುವೈತಿನ ನಮ್ಮ ಕನ್ನಡ ಸಭೆಯ ಸ್ಮರಣ ಸಂಚಿಕೆಗೆ ಅವನೇ ಸಂಪಾದಕ. ಹಗಲು ಯಾವುದೋ ಬ್ಯಾಂಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ, ಸಂಜೆ ನಮ್ಮನ್ನು.

"ಆಂಟಿ, ಅಯ್ಯನವರ ಬಗ್ಗೆ ಒಂದು ಲೇಖನ ಬೇಕಿತ್ತು. ಯುದ್ಧ ಮುಗಿದ ಮೇಲೆ ಒಂದು ಸಭೆ ಇದ್ದದ್ದು ಐದು ಸಭೆ ಆಯ್ತಲ್ವಾ? ಅದು ಹೇಗೆ ಆಯ್ತು ಅಂತ. ಸ್ಟೇಜ್ ಸ್ಟೇಜಾಗಿ ಬರೀರಿ."

"ಜಗಳ ಆಗಿ ಆಯ್ತು ಮಾರಾಯ," ಎಂದೆ.

"ಅದು ಬೇಡ ಆಂಟಿ. ಪಾಸಿಟಿವ್ ಆಗಿರ್ಲಿ."

ಪಾಸಿಟಿವ್ ಆಗಿ ಬರೆದು ಕೊಟ್ಟೆ. ಅದರಲ್ಲಿ ಅಯ್ಯನವರ ಮುಂದಾಲೋಚನೆ, ಪರಿಶ್ರಮ, ಪ್ರಾರ್ಥನಾ ಜೀವನ ಎಲ್ಲವೂ ಇದೆ. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮಂಗಳೂರು ಕಡೆಯ ಪ್ರೊಟೆಸ್ಟಂಟ್ ಕುಟುಂಬ. ನಮ್ಮಲ್ಲಿ ಪಾದ್ರಿಯನ್ನು ಅಯ್ಯ, ಚರ್ಚಿನ ಬಳಗವನ್ನು ಸಭೆ ಎನ್ನುವುದು ರೂಢಿ. ಇಲ್ಲಿನ ನಮ್ಮ ಅಯ್ಯನವರು ಊರಲ್ಲಿ ದೀಕ್ಷೆ ಪಡೆದು ಬಂದವರೇ, ಆದರೆ ಅವರಿಗೆ ಸಂಬಳ ಕೊಡುವಷ್ಟು ದೊಡ್ಡ ಸಭೆ ನಮ್ಮದಾಗಿರಲಿಲ್ಲ. ಹಾಗಾಗಿ ವಾರವಿಡೀ ಅವರು ಕುವೈತಿನ ರಾಯ್‌ನಲ್ಲಿ ಒಂದು ಕಂಪನಿಯ ಗೋಡೌನಿನ ಸ್ಟೋರ್‌ಕೀಪರ್, ಶುಕ್ರವಾರ ಮಾತ್ರ ಅಯ್ಯ. ಶುಕ್ರವಾರ ಯಾಕೆಂದರೆ ಇಲ್ಲಿ ರಜೆ ಇರುವುದು ಅವತ್ತು; ನಮ್ಮ ಭಾನುವಾರವೂ ಅವತ್ತೇ. ಒಂದು ಹಾಲ್, ಅದಕ್ಕೆ ಹತ್ತು ಭಾಷೆಯ ಸಭೆಗಳು. ನಮ್ಮ ಪಾಲು ಹನ್ನೊಂದರಿಂದ ಹನ್ನೆರಡೂವರೆ. ಹನ್ನೆರಡು ಇಪ್ಪತ್ತಕ್ಕೆ ತಮಿಳು ಸಭೆಯವರು ಬೈಬಲ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಯ್ಯನವರ ಪ್ರಸಂಗ, ಅಂದರೆ ಉಪದೇಶ, ಯಾವತ್ತೂ ಉದ್ದವಾಗದಿದ್ದದ್ದಕ್ಕೆ ನಾವು ತಮಿಳರಿಗೆ ಕೃತಜ್ಞರು.

ಸ್ಟೋರ್‌ಕೀಪರನ ಬುದ್ಧಿ ಅವರನ್ನು ಶುಕ್ರವಾರವೂ ಬಿಡುತ್ತಿರಲಿಲ್ಲ. ಪ್ರತಿಯೊಂದಕ್ಕೂ ಚೀಟಿ. ಸಭೆಯ ಕಪಾಟಿಗೆ ಚೀಟಿ, ಕಾಣಿಕೆ ಚೀಲಕ್ಕೆ ಚೀಟಿ, ಹಿಂದಿನ ಬೆಂಚಿನ ಮುರಿದ ಕಾಲಿಗೆ 'ಇಲ್ಲಿ ದಪ್ಪದವರು ಕೂರಬಾರದು' ಎಂಬರ್ಥದ ಒಂದು ನಯವಾದ ಚೀಟಿ. ಮನುಷ್ಯರಿಗೂ ಅವರಲ್ಲಿ ಒಂದು ನಂಬರ್ ಇತ್ತು. ಮನೆ ಪ್ರಾರ್ಥನೆಗೆ ಬಂದಾಗ ಮೊದಲು ಕೇಳುತ್ತಿದ್ದುದು, "ನಿಮ್ಮ ಮನೆ ಗೀತ ಯಾವುದು?" ನಮ್ಮ ಗೀತಗಳ ಪುಸ್ತಕದಲ್ಲಿ ಪ್ರತಿ ಗೀತಕ್ಕೂ ಒಂದು ಸಂಖ್ಯೆ. ಒಂದೊಂದು ಮನೆಗೆ ಒಂದೊಂದು ಗೀತ ಮೆಚ್ಚಿನದು. ಅಜ್ಜನ ಕಾಲದಿಂದ ಬಂದದ್ದೋ, ಮದುವೆಯಲ್ಲಿ ಹಾಡಿದ್ದೋ. ಒಮ್ಮೆ ಕೇಳಿದರೆ ಅಯ್ಯನವರು ಮರೆಯುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕಿದರೆ ಹೆಸರು ತಡವರಿಸಿದರೂ ಗೀತದ ನಂಬರ್ ಸರಿಯಾಗಿ ಹೇಳುತ್ತಿದ್ದರು.

ನಾನು ಇಪ್ಪತ್ತೊಂದರ ಹೊಸ ಮದುಮಗಳಾಗಿ ಸಲ್ವಾಕ್ಕೆ ಬಂದ ವಾರವೇ ಅಯ್ಯನವರು ಪ್ರಾರ್ಥನೆಗೆ ಬಂದರು. ನಿಮ್ಮ ಮನೆ ಗೀತ ಯಾವುದಮ್ಮ ಎಂದರು. ನನಗೆ ನೂರು ಗೀತ ಗೊತ್ತಿತ್ತು, ಆ ಕ್ಷಣಕ್ಕೆ ಒಂದೂ ಬರಲಿಲ್ಲ. ಯಾವುದಾದರೂ ಹೇಳಿ ಅದು ಶವಸಂಸ್ಕಾರದ ಗೀತವಾಗಿದ್ದರೆ ಎಂಬ ಹೆದರಿಕೆ ಬೇರೆ. ಪಕ್ಕದಲ್ಲಿ ಲೀಲಕ್ಕ ಕೂತಿದ್ದರು. ಎದುರಿನ ಕಟ್ಟಡದಲ್ಲಿ ಅವರ ಮನೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು, ಧೈರ್ಯದಲ್ಲಿ ನೂರು. ಕಾರು ಓಡಿಸುತ್ತಿದ್ದರು. ನನಗೆ ಕುವೈತಿನಲ್ಲಿ ಯಾವ ಅಂಗಡಿಯಲ್ಲಿ ಬಂಗುಡೆ ಸಿಗುತ್ತದೆ, ಯಾವ ತರದ ಮರಳುಗಾಳಿಗೆ ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ಇಡಬೇಕು ಎಂದು ಕಲಿಸಿದವರು ಅವರು.

"ಹೇಳು ಮಾರಾಯ್ತಿ, ಗೀತ ಕೇಳಿದ್ದು, ಪಾಸ್‌ಪೋರ್ಟ್ ಅಲ್ಲ," ಎಂದರು ಲೀಲಕ್ಕ.

"ನಿಮ್ಮದು ಯಾವುದು?" ಎಂದೆ ಮೆಲ್ಲಗೆ.

"ಎಂಬತ್ತನಾಲ್ಕು."

"ನಮ್ಮದೂ ಎಂಬತ್ತನಾಲ್ಕು, ಅಯ್ಯ."

ಲೀಲಕ್ಕ ನಕ್ಕರು. "ಸಕ್ಕರೆ, ಈರುಳ್ಳಿ ಎಲ್ಲ ಕೊಂಡುಹೋದದ್ದು ಸಾಲದು, ಈಗ ಗೀತವೂ."

ಆ ವರ್ಷ, ತೊಂಬತ್ತರ ಆಗಸ್ಟಿನಲ್ಲಿ, ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಯುದ್ಧ ಬಂತು. ಶಾಲೆಗೆ ರಜೆ ಇದ್ದದ್ದರಿಂದ ಅನೇಕರು ಊರಿಗೆ ಹೋಗಿದ್ದರು. ಲೀಲಕ್ಕ, ಅವರ ಗಂಡ ವಸಂತಣ್ಣ, ಮಗಳು, ಮೂವರೂ ಮಂಗಳೂರಿನಲ್ಲಿದ್ದರು. ಬಾಲ್ಕನಿಯ ಗಿಡಗಳಿಗೆ ನೀರು ಹಾಕಲು ಮನೆಯ ಕೀ ನನಗೆ ಕೊಟ್ಟು ಹೋಗಿದ್ದರು. ನಾವು ಇಲ್ಲೇ ಸಿಕ್ಕಿಕೊಂಡೆವು. ಕೆಲವು ವಾರ ಕಳೆದ ಮೇಲೆ ಬಸ್ಸಿನಲ್ಲಿ ಬಾಗ್ದಾದ್ ದಾಟಿ ಅಮ್ಮಾನಿಗೆ ಹೋದರೆ ಅಲ್ಲಿಂದ ಊರಿಗೆ ವಿಮಾನ ಸಿಗುತ್ತದೆ ಎಂದು ಗೊತ್ತಾಯಿತು. ಹೊರಡುವ ಮುನ್ನ ಎಲ್ಲರೂ ತಮ್ಮ ಮನೆಯ ಕೀಯನ್ನು ಅಯ್ಯನವರ ಕೈಗೆ ಕೊಟ್ಟರು. ಅಯ್ಯನವರು ಹೊರಡುವುದಿಲ್ಲ ಎಂದಿದ್ದರು. ನಮ್ಮ ಸಭೆಯ ಇಬ್ಬರು ನರ್ಸುಗಳನ್ನು ಆಸ್ಪತ್ರೆ ಬಿಟ್ಟಿರಲಿಲ್ಲ. ಅವರಿಬ್ಬರಿಗಾದರೂ ಶುಕ್ರವಾರ ಇರಬೇಕಲ್ಲ ಎನ್ನುವುದು ಅವರ ವಾದ.

ಕೀಗಳಿಗೆ ಮನೆಯವರ ಹೆಸರು ಬರೆದಿಡುವಂತಿರಲಿಲ್ಲ. ಸೈನಿಕರ ಕೈಗೆ ಸಿಕ್ಕಿದರೆ ಯಾವ ಯಾವ ಮನೆ ಖಾಲಿ ಇದೆ ಎಂದು ನಾವೇ ಪಟ್ಟಿ ಮಾಡಿ ಕೊಟ್ಟಂತಾಗುತ್ತಿತ್ತು. ಅದಕ್ಕೆ ಅಯ್ಯನವರು ಹಳೆಯ ಅಂಗಿಯೊಂದನ್ನು ಪಟ್ಟಿ ಪಟ್ಟಿಯಾಗಿ ಹರಿದು, ಅದರ ಮೇಲೆ ಪೆನ್ನಿನಿಂದ ಮನೆ ಗೀತದ ನಂಬರ್ ಬರೆದು, ಒಂದೊಂದು ಕೀಗೆ ಕಟ್ಟಿದರು. ಯಾವ ಸೈನಿಕನಿಗೆ ಅರ್ಥವಾಗಬೇಕು. ನಾನು ಹೋದಾಗ ಅವರ ಸುತ್ತ ಜನ ಮುತ್ತಿಕೊಂಡಿದ್ದರು. ಹೊರಗೆ ಬಸ್ಸಿನವನು ಯಲ್ಲಾ, ಯಲ್ಲಾ ಎಂದು ಅವಸರ ಮಾಡುತ್ತಿದ್ದ.

"ಇದು ನಮ್ಮದು ಅಯ್ಯ, ಇದು ಲೀಲಕ್ಕಂದು."

"ಗೀತ?"

"ಎಂಬತ್ತನಾಲ್ಕು."

"ಇನ್ನೊಂದು?"

"ಅದೂ ಎಂಬತ್ತನಾಲ್ಕೇ."

ಅವರು ತಲೆ ಎತ್ತದೆ ಬರೆದುಕೊಂಡರು. ನನ್ನ ಹಿಂದಿನವರು ಆಗಲೇ ಕೈ ಚಾಚಿದ್ದರು.

ಆಮೇಲೆ ಯುದ್ಧ ಮುಗಿಯುವವರೆಗೆ ಅಯ್ಯನವರು ಏನು ಮಾಡಿದರು ಎನ್ನುವುದು ಸ್ಮರಣ ಸಂಚಿಕೆಯಲ್ಲಿ ಎರಡು ವಾಕ್ಯದಲ್ಲಿದೆ. ಅವರು ಮಾಡಿದ್ದು ಬಟ್ಟೆ ಒಣಗಿಸುವ ಕೆಲಸ. ಮನೆ ಮನೆಗೆ ಹೋಗಿ ಬೀಗ ತೆಗೆದು, ಆಯಾ ಮನೆಯ ಕಪಾಟಿನಿಂದಲೇ ಒಂದು ಲುಂಗಿ, ಎರಡು ಬನಿಯನ್, ಒಂದು ನೈಟಿ ತೆಗೆದು, ಒದ್ದೆ ಮಾಡಿ ಬಾಲ್ಕನಿಯಲ್ಲಿ ಹರವುತ್ತಿದ್ದರು. ಯಾರೋ ವಾಸವಿದ್ದಾರೆ ಎಂದು ಕಾಣಬೇಕು. ಮೂರು ದಿನ ಬಿಟ್ಟು ಬಂದು ಅದನ್ನು ತೆಗೆದು ಬೇರೆ ಹರವಬೇಕು, ಇಲ್ಲದಿದ್ದರೆ ಅನುಮಾನ ಬರುತ್ತದೆ. ನಾನು ಹಿಂದಿರುಗಿದಾಗ ನಮ್ಮ ಮನೆಯಲ್ಲಿ ಒಂದು ಚಮಚವೂ ಹೋಗಿರಲಿಲ್ಲ. ಸುಧೀರರ ಬನಿಯನ್‌ಗಳು ಮಾತ್ರ ಬಿಸಿಲಿಗೆ ಹಪ್ಪಳದಂತಾಗಿದ್ದವು.

ಸುಧೀರ್ ನನಗಿಂತ ಮೊದಲೇ ಬಂದು ಅಯ್ಯನವರಿಂದ ಕೀ ತೆಗೆದುಕೊಂಡಿದ್ದರು. ಎಂಬತ್ತನಾಲ್ಕರ ಎರಡೂ ಕೀ ಅವರ ಕೈಗೇ ಬಂತು. "ಇದು ನಿಮ್ದು, ಇದು ಸ್ಪೇರ್," ಎಂದಿದ್ದರಂತೆ ಅಯ್ಯ. ಸುಧೀರ್ ಸ್ಪೇರನ್ನು ಅಡುಗೆಮನೆಯ ಡ್ರಾಯರಿಗೆ ಎಸೆದರು, ನನಗೆ ಹೇಳಲೂ ಇಲ್ಲ, ಮತ್ತೆ ಆ ಕಡೆ ನೋಡಲೂ ಇಲ್ಲ. ಗಂಡಸರು ಡ್ರಾಯರಿಗೆ ಎಸೆದದ್ದು ಸಮುದ್ರಕ್ಕೆ ಎಸೆದ ಹಾಗೆ.

ಅದೇ ತಿಂಗಳು ಲೀಲಕ್ಕನವರೂ ಬಂದರು. ಊರಿಗೆ ಹೋಗುವಾಗ ತೆಗೆದುಕೊಂಡು ಹೋಗಿದ್ದ ಕೀ ಕೈಯಲ್ಲಿತ್ತು, ಅದನ್ನು ತೂರಿಸಲು ಬಾಗಿಲಿನಲ್ಲಿ ಬೀಗವೇ ಇರಲಿಲ್ಲ. ಒಳಗೆ ಫ್ರಿಜ್ ಇಲ್ಲ, ಮಂಚ ಇಲ್ಲ, ಗೋಡೆಯ ಸ್ವಿಚ್ಚು ಕೂಡ ಇಲ್ಲ. ಅವೆಲ್ಲ ಹೋಗಲಿ ಎಂದರು ಲೀಲಕ್ಕ. ಅವರ ಮದುವೆಯ ಆಲ್ಬಮ್ ಹೋಗಿತ್ತು. ತೀರಿಹೋದ ಅವರ ಅಮ್ಮನ ಫೋಟೋ ಎಂದು ಇದ್ದದ್ದು ಆ ಆಲ್ಬಮಿನಲ್ಲಿ ಮಾತ್ರ.

ಎದುರಿನ ಕಟ್ಟಡದಲ್ಲಿ ನಮ್ಮ ಮನೆ, ಚಮಚ ಸಹಿತ. ಲೀಲಕ್ಕ ನಮ್ಮ ಸೋಫಾದಲ್ಲಿ ಕೂತು ಸುತ್ತಲೂ ನೋಡಿ ಕೇಳಿದರು, "ಸುಮನಾ, ನಮ್ಮ ಕೀ ಅಯ್ಯನಿಗೆ ಕೊಟ್ಟಿದ್ದಿಯಲ್ಲ?"

"ಕೊಟ್ಟಿದ್ದೆ ಅಕ್ಕ."

ಅಯ್ಯನವರನ್ನು ಕೇಳಿದರು. ಅವರು ಯೋಚಿಸಿ, ಪ್ರಾಮಾಣಿಕವಾಗಿಯೇ ಹೇಳಿದರು, "ನಿಮ್ಮ ಮನೆ ಕೀ ನನಗೆ ಬರ್ಲಿಲ್ಲಮ್ಮ. ನೀವು ಊರಿಗೆ ಕೊಂಡುಹೋದದ್ದು ಅಂತ ನಾನು ತಿಳ್ಕೊಂಡಿದ್ದೆ."

ಅಲ್ಲಿಗೆ ಖಲಾಸ್. ಅಯ್ಯ ಸುಳ್ಳು ಹೇಳುವವರಲ್ಲ, ಹಾಗಾದರೆ ಹೇಳಿದ್ದು ನಾನು. ತನ್ನ ಮನೆ ಉಳಿಸಿಕೊಳ್ಳುವ ಅವಸರದಲ್ಲಿ ಅವರ ಕೀ ಮರೆತಳು, ಈಗ ಒಪ್ಪಿಕೊಳ್ಳುತ್ತಿಲ್ಲ ಎಂದಾಯಿತು. ಬೇರೆ ಯಾರಾದರೂ ಆಗಿದ್ದರೆ ಕೊಟ್ಟಿದ್ದೇನೆ ಎಂದು ವಾದಿಸುತ್ತಿದ್ದರು. ನಾನು ಬೀಗ ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ನೋಡುವವಳು. ಒಂದು ವಾರದಲ್ಲಿ ನನಗೇ ಸಂಶಯ ಶುರುವಾಯಿತು. ಕೊಟ್ಟೆನೋ, ಕೊಟ್ಟೆ ಅಂದುಕೊಂಡೆನೋ. ಹಳೆಯ ಕೈಚೀಲದ ಅಸ್ತರು ಬಿಚ್ಚಿ ನೋಡಿದೆ. ಬಸ್ಸಿನಲ್ಲಿ ಬಾಗ್ದಾದಿನ ಹತ್ತಿರ ನಾನೇ ಕಿಟಕಿಯಿಂದ ಎಸೆದೆ ಎಂದು ಒಂದು ಕನಸೂ ಬಿತ್ತು.

ಇದು ನಮ್ಮಿಬ್ಬರಲ್ಲೇ ಉಳಿದಿದ್ದರೆ ಒಂದು ಮಾತು. ಆಗ ಸಭೆಯಲ್ಲಿ ಎಲ್ಲರ ಎದೆಯಲ್ಲೂ ಇಂಥದ್ದೊಂದು ಗಾಯವಿತ್ತು. ಉಳಿದವರಿಗೆ ಬಿಟ್ಟುಹೋದವರ ಮೇಲೆ, ಹೋದವರಿಗೆ ಉಳಿದವರ ಮೇಲೆ, ಎಲ್ಲ ಕಳಕೊಂಡವರಿಗೆ ಚಮಚ ಉಳಿಸಿಕೊಂಡವರ ಮೇಲೆ. ನಮ್ಮ ಕೀ ಅದಕ್ಕೆಲ್ಲ ಒಂದು ಹೆಸರು ಕೊಟ್ಟಿತು. ಹಾಲಿನಲ್ಲಿ ಎಡಗಡೆ ವಸಂತಣ್ಣನ ಪಕ್ಷ, ಬಲಗಡೆ ನಮ್ಮದು. ಯುದ್ಧದಲ್ಲಿ ಹಾಳಾದ ಕುವೈತನ್ನು ಮತ್ತೆ ಕಟ್ಟುವ ಕೆಲಸಕ್ಕೆಂದು ಪ್ರತಿ ತಿಂಗಳೂ ಹೊಸ ಹುಡುಗರು ಬಂದಿಳಿಯುತ್ತಿದ್ದರು. ಪಾಪ, ಏನೂ ಗೊತ್ತಿಲ್ಲದೆ ಫ್ಯಾನ್ ಇರುವ ಕಡೆ ಕೂತು ಒಂದು ಪಕ್ಷಕ್ಕೆ ಸೇರಿಬಿಡುತ್ತಿದ್ದರು. ವಸಂತಣ್ಣ ಫಹಾಹೀಲ್‌ನಲ್ಲಿ ಬೇರೆಯೇ ಸಭೆ ಮಾಡುತ್ತೇವೆ, ಈ ಅಯ್ಯನೂ ಬೇಡ ಈ ಜನವೂ ಬೇಡ ಎಂದು ಹೇಳಿಯಾಗಿತ್ತು. ಅಯ್ಯನವರು ಎರಡೂ ಕಡೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಏಳು ತಿಂಗಳ ಯುದ್ಧದಲ್ಲಿ ಬಾಗದ ಅವರ ಬೆನ್ನು ಆ ಚಹಾಕ್ಕೆ ಬಾಗಿತ್ತು.

ಒಂಬತ್ತು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಮೀನು ತರಲು ಕೆಳಗೆ ಹೋದ ನಾನು ಕೀಯನ್ನು ಅಂಗಡಿಯಲ್ಲೋ ದಾರಿಯಲ್ಲೋ ಕಳೆದುಕೊಂಡೆ. ಸುಧೀರರಿಗೆ ಫೋನ್ ಮಾಡಿದರೆ ತಾನು ಬೇಗ ಬಂದು ತೆಗೆಯುತ್ತೇನೆ ಎಂದರು, ಬಂದು ತೆಗೆದರು, ಡ್ರಾಯರಿನಿಂದ ಸ್ಪೇರ್ ಹುಡುಕಿ ನನ್ನ ಕೈಗಿಟ್ಟು, "ಇದನ್ನಾದ್ರೂ ಕುತ್ತಿಗೆಗೆ ಕಟ್ಕೊ," ಎಂದರು. ನನ್ನ ಸ್ವಭಾವ ಗೊತ್ತಲ್ಲ. ಕೊಟ್ಟ ಕೀ ಸರಿ ಇದೆಯೋ ಎಂದು ಕೂಡಲೇ ಬಾಗಿಲಿಗೆ ಹಾಕಿ ನೋಡಿದೆ. ಅದು ಒಳಗೆ ಹೋಗಲೇ ಇಲ್ಲ.

ಕೀಯ ತುದಿಯಲ್ಲಿ ಅಂಗಿಯ ಪಟ್ಟಿ ಇನ್ನೂ ಇತ್ತು. ಎಂಬತ್ತನಾಲ್ಕು.

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಕೊಟ್ಟಿದ್ದೆ, ಎರಡೂ ಕೊಟ್ಟಿದ್ದೆ. ಆ ಸಂತೋಷ ಎರಡು ನಿಮಿಷ ಉಳಿಯಿತು. ಮೂರನೆಯ ನಿಮಿಷಕ್ಕೆ ಹೊಸ ಚಿಂತೆ. ನಾನು ತಪ್ಪು ಮಾಡಿಲ್ಲ ಎಂದರೆ ಮಾಡಿದ್ದು ಅಯ್ಯ ಎಂದಾಯಿತು. ಆ ಗದ್ದಲದಲ್ಲಿ ಲೀಲಕ್ಕನ ಹೆಸರು ಕಿವಿಗೆ ಬಿದ್ದಿಲ್ಲ, ಎರಡು ಎಂಬತ್ತನಾಲ್ಕನ್ನು ನೋಡಿ ಒಂದು ಸ್ಪೇರ್ ಎಂದುಕೊಂಡಿದ್ದಾರೆ. ಇದು ಹೊರಗೆ ಬಂದರೆ ಸಭೆಯನ್ನು ಹಿಡಿದು ನಿಲ್ಲಿಸಿದ್ದ ಒಂದೇ ಕಂಬವೂ ಬೀಳುತ್ತದೆ. ವಸಂತಣ್ಣನಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ. ಅದೂ ಅಲ್ಲದೆ ಆ ಗೀತವನ್ನು ಕಡ ತಂದವಳು ನಾನು.

ಮರುದಿನ ರಾಯ್‌ನ ಗೋಡೌನಿಗೆ ಹೋದೆ. ಅಯ್ಯನವರು ಪೈಪುಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದರು. ಕೀ ಕೊಟ್ಟೆ. ಅವರು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರದೇ ಅಂಗಿ, ಅವರದೇ ಅಕ್ಷರ.

"ಯಾರಿಗೂ ಹೇಳುವುದು ಬೇಡ ಅಯ್ಯ," ಎಂದೆ. "ನನಗೆ ಹೇಗೂ ಅಭ್ಯಾಸ ಆಗಿದೆ."

ಅವರು ಕೀಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ, "ನಿನ್ನ ಮುಖ ನೋಡಿಯೇ ನನಗೆ ಗೊತ್ತಾಗ್ಬೇಕಿತ್ತು. ನೀನು ಬಾಗಿಲು ಎಷ್ಟು ಸಲ ಎಳಿತಿ ಅಂತ ಸುಧೀರ ಹೇಳಿದ್ದ. ಇಂಥವಳು ಕೀ ಮರೀತಾಳಾ," ಎಂದರು. "ಮನೆಗೆ ಹೋಗು. ಶುಕ್ರವಾರ ಬಾ."

ಆ ಶುಕ್ರವಾರ ಕರ್ತನ ಭೋಜನವಿತ್ತು, ಯೇಸುವಿನ ನೆನಪಿಗೆ ಅಯ್ಯನವರು ರೊಟ್ಟಿ, ದ್ರಾಕ್ಷಾರಸ ಹಂಚುವ ದಿನ. ಮೇಜಿನ ಮೇಲೆ ಬಿಳಿ ಬಟ್ಟೆ, ತಟ್ಟೆಯಲ್ಲಿ ಕತ್ತರಿಸಿಟ್ಟ ರೊಟ್ಟಿ. ಅಯ್ಯನವರು ಪಾಪ ನಿವೇದನೆಯ ಪ್ರಾರ್ಥನೆ ಓದಿಸುವ ಬದಲು ಜೇಬಿನಿಂದ ಕೀ ತೆಗೆದು ಹಿಡಿದರು.

"ಇದು ವಸಂತನ ಮನೆ ಕೀ. ಸುಮನಾ ನನ್ನ ಕೈಗೆ ಕೊಟ್ಟಿದ್ಲು. ನಾನು ಸ್ಪೇರ್ ಅಂತ ತಿಳ್ಕೊಂಡೆ. ಆ ಮನೆಗೆ ಒಂದು ದಿನವೂ ಹೋಗ್ಲಿಲ್ಲ. ಒಂಬತ್ತು ತಿಂಗಳಿಂದ ನನ್ನ ತಪ್ಪನ್ನು ಈ ಹುಡುಗಿ ಹೊತ್ತಿದ್ದಾಳೆ. ಅವಳು ಕೊಡಲಿಲ್ಲ ಅಂತ ಸಾಕ್ಷಿ ಹೇಳಿದವ ನಾನು. ವಸಂತ, ಲೀಲಾ, ನೀವು ಹೇಳುವವರೆಗೆ ನಾನು ಈ ರೊಟ್ಟಿ ಮುಟ್ಟುವುದಿಲ್ಲ."

ಹೇಳಿ, ಮೆಟ್ಟಿಲಿಳಿದು, ಮೊದಲ ಬೆಂಚಿನಲ್ಲಿ ನಮ್ಮೆಲ್ಲರ ಹಾಗೆ ಕೂತುಬಿಟ್ಟರು.

ವಸಂತಣ್ಣ ತನ್ನ ಟೈ ನೋಡುತ್ತಿದ್ದರು. ನನಗೆ ಗಡಿಯಾರದ ಚಿಂತೆ. ಹನ್ನೆರಡು ಇಪ್ಪತ್ತು ಆಯಿತು. ಬಾಗಿಲಲ್ಲಿ ತಮಿಳು ಸಭೆಯವರ ತಲೆಗಳು ಕಾಣಿಸಿದವು. ಆಗ ಎಡಗಡೆಯಿಂದ ಲೀಲಕ್ಕ ಎದ್ದರು. ಆರಾಧನೆಯ ನಡುವೆ ಹೆಂಗಸರು ಎದ್ದು ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ.

"ಅಯ್ಯ, ಎಷ್ಟು ಮನೆ ನೋಡ್ತಿದ್ರಿ?"

"ಹದಿನೆಂಟು. ಹತ್ತೊಂಬತ್ತು ನೋಡ್ಬೇಕಿತ್ತು."

"ನಡ್ಕೊಂಡಾ?"

"ಸೈಕಲ್ ಇತ್ತು. ಒಂದು ದಿನ ಚೆಕ್‌ಪೋಸ್ಟಿನವರು ಇಟ್ಕೊಂಡ್ರು. ಮತ್ತೆ ನಡ್ಕೊಂಡು."

"ಹೆದರಿಕೆ ಆಗ್ಲಿಲ್ವಾ?"

"ಆಗ್ತಿತ್ತು. ಆಯಾ ಮನೆಯ ಗೀತ ಹೇಳ್ಕೊಂಡು ಮೆಟ್ಟಿಲು ಹತ್ತುತ್ತಿದ್ದೆ."

"ಎಂಬತ್ತನಾಲ್ಕು?"

"ಹೇಳ್ತಿದ್ದೆ. ಒಂದು ಕಡೆ ಮಾತ್ರ."

ಲೀಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. "ಸಾಕು. ಎದ್ದು ಕೊಡಿ. ರೊಟ್ಟಿ ಒಣಗ್ತಾ ಉಂಟು, ತಮಿಳಿನವರು ನಿಂತಿದ್ದಾರೆ."

ಅವತ್ತು ತಮಿಳರು ಇಪ್ಪತ್ತು ನಿಮಿಷ ಕಾದರು. ಯಾರೂ ಅವರಲ್ಲಿ ಕ್ಷಮೆ ಕೇಳಿದ ನೆನಪಿಲ್ಲ.

ಇಲ್ಲಿಗೆ ಎಲ್ಲ ಸರಿಯಾಯಿತು ಎಂದು ಪ್ರೀತಮ್ ಬರೆಯುತ್ತಿದ್ದ. ಸರಿಯಾಗಲಿಲ್ಲ. ಫಹಾಹೀಲ್ ಸಭೆ ಆಗಿಯೇ ಆಯಿತು. ಜಗಳಕ್ಕೆಂದು ನೋಡಿಟ್ಟ ಜಾಗ ಖಾಲಿ ಬಿಡುವುದು ಯಾಕೆ, ಅಲ್ಲಿ ಜನ ಇದ್ದಾರಲ್ಲ ಎಂದ ಅಯ್ಯನವರು ಗೀತಗಳ ಪುಸ್ತಕದ ಕಟ್ಟನ್ನು ತಾವೇ ಹೊತ್ತುಕೊಂಡು ಹೋಗಿ, ವಸಂತಣ್ಣನನ್ನೇ ಹಿರಿಯರನ್ನಾಗಿ ನೇಮಿಸಿ, ಪ್ರಾರ್ಥನೆ ಮಾಡಿ ಬಂದರು. ಸಂಚಿಕೆಯಲ್ಲಿ ಅದು 'ಮೊದಲ ಶಾಖೆ'. ಮಹಬೂಲಾದ ಶಾಖೆಯೂ ಹಾಗೇ, ಬೇರೆ ಒಂದು ಮುನಿಸಿನಿಂದ ಆದದ್ದು. ನಮ್ಮವರು ಸಿಟ್ಟಾಗುವುದು ನಿಂತಿದ್ದರೆ ನಾವು ಇವತ್ತಿಗೂ ಒಂದೇ ಸಭೆ ಇರುತ್ತಿದ್ದೆವೋ ಏನೋ.

ಲೀಲಕ್ಕ ಅಯ್ಯನವರನ್ನು ಕ್ಷಮಿಸಿದರು. ನನ್ನ ಜೊತೆ ಮಾತ್ರ ಮಾತಿಲ್ಲ. ಮೊದಲು ಸಿಟ್ಟು ಇತ್ತು. ಈಗ ಅವಳನ್ನು ಸುಮ್ಮಸುಮ್ಮನೆ ಅಂದೆನಲ್ಲ ಎಂಬ ನಾಚಿಕೆ. ಸಿಟ್ಟಿನವರು ಎದುರು ಬಂದಾಗ ಮುಖ ತಿರುಗಿಸುತ್ತಾರೆ, ನಾಚಿಕೆಯವರು ರಸ್ತೆಯನ್ನೇ ಬದಲಿಸುತ್ತಾರೆ. ಮೀನಿನಂಗಡಿಯಲ್ಲಿ ನನ್ನನ್ನು ಕಂಡು ಅವರು ಬಂಗುಡೆ ಬಿಟ್ಟು ಹೋದದ್ದುಂಟು. ನನ್ನ ನಿರಪರಾಧ ಸಾಬೀತಾಗಿತ್ತು, ಆದರೆ ನನಗೆ ಬೇಕಿದ್ದದ್ದು ಲೀಲಕ್ಕ.

ಆಗ ಅಯ್ಯನವರು ಹೊಸ ಪದ್ಧತಿಯೊಂದನ್ನು ತಂದರು. ಹೊಸದಾಗಿ ಬಂದವರ ಮನೆ ಭೇಟಿಗೆ ಇಬ್ಬಿಬ್ಬರ ಜೋಡಿ. ಜೋಡಿ ಮಾಡುವುದು ಅವರೇ. ಗೆಳತಿಯರನ್ನು ಒಟ್ಟಿಗೆ ಹಾಕುವುದೇ ಇಲ್ಲ. ಒಬ್ಬರಿಗೊಬ್ಬರು ಆಗದವರನ್ನು ಹುಡುಕಿ ಹುಡುಕಿ ಒಂದೇ ಕಾರಿನಲ್ಲಿ ಕೂರಿಸುವುದು. ಆ ಪದ್ಧತಿ ಇವತ್ತಿಗೂ ಇದೆ. ನನ್ನ ಈಗಿನ ಜೋಡಿ, ಪ್ರತಿಯೊಂದಕ್ಕೂ 'ನಾನು ಹೇಳಿರ್ಲಿಲ್ವಾ' ಎನ್ನುವ ಒಬ್ಬರು ಮಹಾತಾಯಿ. ಅಯ್ಯನವರು ಎಂಬತ್ತು ದಾಟಿ ಊರಲ್ಲಿದ್ದಾರೆ. ದೂರು ಹೇಳಿದರೆ ಫೋನಿನಲ್ಲಿ ನಗುತ್ತಾರೆ.

ಆಗಿನ ಮೊದಲ ಚೀಟಿಯಲ್ಲೇ ಇತ್ತು, ಲೀಲಾ ಮತ್ತು ಸುಮನಾ, ಮೂರು ಮನೆ. ಶುಕ್ರವಾರ ಆರಾಧನೆ ಮುಗಿದ ಮೇಲೆ ಲೀಲಕ್ಕ ಕಾರಿನ ಬಾಗಿಲು ತೆರೆದು ನಿಂತರು. ನಾನು ಹತ್ತಿದೆ. ಮೊದಲ ಮನೆಯವರೆಗೆ ಇಬ್ಬರೂ ಎದುರಿನ ರಸ್ತೆಯನ್ನು ಪರೀಕ್ಷೆಗೆ ಓದುವವರ ಹಾಗೆ ನೋಡಿದೆವು. ಮನೆಯವರ ಎದುರು ಮಾತ್ರ ಬಲು ಅನ್ಯೋನ್ಯ. "ನಮ್ಮ ಸುಮನಾ ಹಾಡ್ತಾಳೆ," ಎಂದರು ಲೀಲಕ್ಕ. ನಾನು ಹಾಡಿದೆ. ಮೆಟ್ಟಿಲಿಳಿದ ಮೇಲೆ ಮತ್ತೆ ಅದೇ ರಸ್ತೆ.

ಎರಡನೆಯ ಮನೆಗೆ ಹೋಗುವ ದಾರಿ ತಪ್ಪಿತು. ಅವರು ಅದೇ ರೌಂಡ್‌ಅಬೌಟನ್ನು ಎರಡು ಸಲ ಸುತ್ತಿದರು. ಮೂರನೆಯ ಸಲ ಸುತ್ತುವ ಬದಲು ರಸ್ತೆಯ ಬದಿಗೆ ನಿಲ್ಲಿಸಿ, ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದರು.

"ನೀನು ಕೀ ಕೊಟ್ಟದ್ದು ನಂಗೆ ಗೊತ್ತಿತ್ತು."

"ಯಾವಾಗ? ಅಯ್ಯ ಹೇಳಿದ ಮೇಲಾ?"

"ಮೊದ್ಲೇ. ನಿನ್ನ ಸೋಫಾದಲ್ಲಿ ಕೂತು ಕೇಳಿದ ದಿನವೇ. ನಿನಗೆ ಸುಳ್ಳು ಹೇಳ್ಲಿಕ್ಕೆ ಎಲ್ಲಿ ಬರ್ತದೆ. ಗೀತ ಯಾವುದು ಅಂತ ಕೇಳಿದ್ರೆ ಬೆವರುವವಳು ನೀನು."

"ಮತ್ತೆ ಯಾಕಕ್ಕ ಹಾಗೆ?"

ಅವರು ಕಿಟಕಿಯ ಆಚೆ ನೋಡಿದರು. "ಅಮ್ಮನ ಫೋಟೋ ಹೋಯ್ತಲ್ಲ ಸುಮನಾ. ಯಾರ ಮೇಲಾದ್ರೂ ಸಿಟ್ಟು ಮಾಡ್ಬೇಕಿತ್ತು. ಯುದ್ಧ ಮಾಡಿದವರು ನನ್ನ ಎದುರುಮನೆಯಲ್ಲಿ ಇರ್ಲಿಲ್ಲ. ನೀನಿದ್ದಿ."

ನನಗೆ ಅಳು ಬಂತು. ಒಂಬತ್ತು ತಿಂಗಳು ಕೂಡಿಟ್ಟದ್ದು, ತಡೆಯಲು ಆಗಲಿಲ್ಲ. ಲೀಲಕ್ಕ ಡ್ಯಾಶ್‌ಬೋರ್ಡಿನಿಂದ ಟಿಶ್ಯೂ ಪೆಟ್ಟಿಗೆ ಎತ್ತಿ ನನ್ನ ಮಡಿಲಿಗೆ ಹಾಕಿ, ಕಾರು ಸ್ಟಾರ್ಟ್ ಮಾಡಿದರು.

"ಬೇಗ ಒರೆಸಿಕೊ," ಎಂದರು. "ಇವರು ಹೊಸಬರು. ನಾನೇ ಹೊಡೆದು ಕರ್ಕೊಂಡು ಬಂದದ್ದು ಅಂದ್ಕೊಳ್ತಾರೆ."